ಮುಟ್ಟಬಾರದ ಕೈಯ ಮದ್ದು: ಜರ್ಮನ್ ಜಾನಪದವನ್ನು ಕೇರಿಯ ಕಡೆಯಿಂದ ಓದುವುದು

1

'ಜಾನಪದ' ಅನ್ನೋ ಮಾತನ್ನು ನಾವೆಲ್ಲ ಬಹಳ ಸಲೀಸಾಗಿ ಬಳಸುತ್ತೇವೆ. ಅದು ಜನರದು, ಆದ್ದರಿಂದ ಒಳ್ಳೆಯದು. ಶಿಷ್ಟಕ್ಕೆ ಎದುರಾದದ್ದು, ಆದ್ದರಿಂದ ನಮ್ಮದು ಎಂಬ ನಂಬಿಕೆ ಬಂಡಾಯದ ಕಾಲದಿಂದಲೂ ನಮ್ಮ ವಿಮರ್ಶೆಯಲ್ಲಿ ಗಟ್ಟಿಯಾಗಿ ಕೂತಿದೆ. ತಮಟೆ ಬಡಿಯುವವನನ್ನು ಜಾನಪದ ಉತ್ಸವದ ವೇದಿಕೆಗೆ ಕರೆದು ಹಾರ ಹಾಕುತ್ತಾರೆ. ಊರಿಗೆ ಮರಳಿದ ಮೇಲೆ ಅವನು ಅದೇ ತಮಟೆಯನ್ನು ಗುಡಿಯ ಹೊರಗೆ ನಿಂತು ಬಡಿಯಬೇಕು. ಕಲೆ ಒಳಕ್ಕೆ ಬಂತು, ಕೈ ಹೊರಗೇ ಉಳಿಯಿತು. ಇದು ಹೇಗೆ ಸಾಧ್ಯವಾಗುತ್ತದೆ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಕೆಲವು ವರ್ಷಗಳಿಂದ ಜರ್ಮನ್ ಸೀಮೆಗಳ ಜಾನಪದ, ಅದರಲ್ಲೂ ಅಲ್ಲಿನ ಮದ್ದು-ಮಂತ್ರ-ಮಾಟಗಳ ಬಗ್ಗೆ ಓದುತ್ತ ಬಂದಿದ್ದೇನೆ.

"ದಲಿತ ವಿಮರ್ಶೆಗೂ ಜರ್ಮನಿಯ ಮಾಟಮಂತ್ರಕ್ಕೂ ಏನ್ರೀ ಸಂಬಂಧ?" ಅಂತ ಗೆಳೆಯರು ಕೇಳಿದ್ದುಂಟು. ಸಂಬಂಧ ಎರಡು ಬಗೆಯದು. ಒಂದು, ಜನರ ಕತೆ, ಹಾಡು, ನಂಬಿಕೆಗಳನ್ನು ಕೂಡಿಹಾಕಿ ಅದನ್ನೊಂದು ಶಾಸ್ತ್ರವಾಗಿ ಮಾಡಿದ ಕೆಲಸ ಬಹುಮಟ್ಟಿಗೆ ಶುರುವಾದದ್ದು ಜರ್ಮನ್ ಮಾತಾಡುವ ಸೀಮೆಗಳಲ್ಲಿ. ಆ ಅಭ್ಯಾಸ ನಮ್ಮ ನೆಲಕ್ಕೂ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಪಾದ್ರಿಗಳಲ್ಲಿ ಹಲವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ತುಳುನಾಡಿನ ಭೂತಗಳ ಪಾಡ್ದನಗಳನ್ನು 1886ರಲ್ಲಿ ಅಚ್ಚು ಹಾಕಿಸಿದ ಮ್ಯಾನರ್ ಅದೇ ಮಿಶನ್ನಿನವರು. ಭೂತ ಕಟ್ಟುವವರು ಪಂಬದ, ನಲಿಕೆ, ಪರವ ಜಾತಿಯವರು. ಪುಸ್ತಕ ಓದುವವರು ಬೇರೆಯವರು. ಈ ಅಂತರದ ಹುಟ್ಟನ್ನು ತಿಳಿಯಬೇಕಾದರೆ ಆ ಅಭ್ಯಾಸ ಬೆಳೆದ ಊರಿಗೇ ಹೋಗಿ ನೋಡಬೇಕು.

ಎರಡನೆಯದು, ಹೀಗೆ ಹೊರದೇಶದ ಕಡೆ ನೋಡುವ ದಾರಿಯನ್ನು ನಮಗೆ ತೋರಿಸಿದವರು ಬಾಬಾಸಾಹೇಬರೇ. ಅಸ್ಪೃಶ್ಯರು ಯಾರು ಎಂದು ಕೇಳುವ 1948ರ ಪುಸ್ತಕದಲ್ಲಿ ಅವರು ಊರ ಹೊರಗೆ ನೆಲೆಸಿದ 'ಒಡೆದ ಜನ'ರ ವಿಚಾರ ಹೇಳುವಾಗ ಐರ್ಲೆಂಡ್ ಮತ್ತು ವೇಲ್ಸ್‌ಗಳ ಹಳೆಯ ಹಳ್ಳಿಗಳನ್ನು ಹೋಲಿಕೆಗೆ ತಂದರು. ಅಲ್ಲಿಯೂ ಹೊರಗಿನವರು ಊರ ಹೊರಗೇ ಇದ್ದರು, ಆದರೆ ಕಾಲಾಂತರದಲ್ಲಿ ಊರಲ್ಲಿ ಬೆರೆತುಹೋದರು. ಇಲ್ಲಿ ಯಾಕೆ ಹಾಗಾಗಲಿಲ್ಲ ಎಂಬುದು ಅವರ ಪ್ರಶ್ನೆ. ಹೋಲಿಸುವುದೆಂದರೆ ಎರಡನ್ನೂ ಒಂದೇ ಅನ್ನುವುದಲ್ಲ, ಎಲ್ಲಿ ದಾರಿ ಕವಲೊಡೆಯಿತು ಎಂದು ಹುಡುಕುವುದು. ಈ ಲೇಖನದಲ್ಲಿ ನಾನು ಮಾಡಲು ಹೊರಟಿರುವುದೂ ಅಷ್ಟೇ.

2

ಹದಿನೈದು-ಹದಿನಾರನೇ ಶತಮಾನದಿಂದ ಹದಿನೆಂಟನೆಯದರ ಕೊನೆಯವರೆಗೆ ಜರ್ಮನ್ ಪಟ್ಟಣಗಳಲ್ಲಿ 'ಮಾನವಿಲ್ಲದವರು' ಅನ್ನೋ ಒಂದು ಗುಂಪಿತ್ತು. ಜರ್ಮನ್ನಿನಲ್ಲಿ 'ಉನ್‌ಎರ್‌ಲಿಖ್' ಅಂತಾರೆ. ಇವತ್ತಿನ ಜರ್ಮನ್ನಿನಲ್ಲಿ ಆ ಪದಕ್ಕೆ ಅಪ್ರಾಮಾಣಿಕ ಅಂತ ಅರ್ಥ. ಆಗ ಅದರ ಅರ್ಥ ಕುಲಗೌರವ ಇಲ್ಲದವನು, ಕಸುಬಿನಿಂದ ಕೆಟ್ಟವನು ಅಂತ. ಈ ಗುಂಪಿನ ತಳದಲ್ಲಿದ್ದವರು ಇಬ್ಬರು. ಒಬ್ಬ ಪಟ್ಟಣದ ಸಭೆ ಸಂಬಳ ಕೊಟ್ಟು ಇಟ್ಟುಕೊಂಡ ವಧಕಾರ, ಅಂದರೆ ತಲೆ ಕಡಿಯುವ, ನೇಣು ಹಾಕುವ, ಚಿತ್ರಹಿಂಸೆ ಕೊಡುವ ಕೆಲಸದವನು. ಇನ್ನೊಬ್ಬ ಸತ್ತ ದನ, ಕುದುರೆ, ನಾಯಿಗಳನ್ನು ಎಳೆದೊಯ್ದು ಚರ್ಮ ಸುಲಿಯುವವನು. ಎಷ್ಟೋ ಕಡೆ ಎರಡನೆಯವನು ಮೊದಲನೆಯವನ ಕೈಕೆಳಗಿನವನು. ಇವರ ಸುತ್ತ ಸೀಮೆಯಿಂದ ಸೀಮೆಗೆ ಬದಲಾಗುವ ಒಂದು ಪಟ್ಟಿ: ಕುರುಬ, ಹಿಟ್ಟಿನ ಗಿರಣಿಯವನು, ನಾರುಬಟ್ಟೆ ನೇಯುವವನು, ಸ್ನಾನದ ಮನೆ ನಡೆಸುವವನು, ಊದುವ-ಬಾರಿಸುವ ವಾದ್ಯದವನು, ಗೋರಿ ತೋಡುವವನು.

ಈ 'ಮಾನವಿಲ್ಲದಿರುವಿಕೆ' ಮುಟ್ಟಿದರೆ ಹತ್ತುವಂಥದು. ವಧಕಾರನ ಜೊತೆ ಕೂತು ಕುಡಿದ ಅಂತ ಕಸುಬಿನ ಸಂಘದಿಂದ ಹೊರಹಾಕಿಸಿಕೊಂಡ ಕುಶಲಕರ್ಮಿಗಳ ತಕರಾರುಗಳು ಪಟ್ಟಣಗಳ ಕಡತಗಳಲ್ಲಿ ದಂಡಿಯಾಗಿವೆ. ಹೆಂಡದಂಗಡಿಯಲ್ಲಿ ಅವನಿಗೆ ಬೇರೆ ಜಾಗ, ಬೇರೆ ಲೋಟ. ಇದನ್ನು ಓದುವಾಗ ನಮ್ಮ ಹಳ್ಳಿಗಳ ಹೋಟೆಲುಗಳ ಎರಡು ಲೋಟದ ಪದ್ಧತಿಯನ್ನು ನೆನೆಯದೆ ಇರಲು ನಮಗೆ ಸಾಧ್ಯವೆ? ಚರ್ಚಿನಲ್ಲಿ ಬೇರೆ ಕೂಡುವ ಸ್ಥಳ. ಮಗು ಹುಟ್ಟಿದರೆ ಜ್ಞಾನಸ್ನಾನಕ್ಕೆ ಸಾಕ್ಷಿ ನಿಲ್ಲುವವರು ಸಿಗುವುದು ಕಷ್ಟ, ಸತ್ತರೆ ಹೆಣಕ್ಕೆ ಹೆಗಲು ಕೊಡುವವರು ಸಿಗುವುದು ಕಷ್ಟ. ಗಲ್ಲುಮರ ರಿಪೇರಿ ಆಗಬೇಕಾದರೆ ಊರಿನ ಬಡಗಿ-ಗಾರೆಯವರೆಲ್ಲ ಒಟ್ಟಿಗೆ ಹೋಗಿ ಒಬ್ಬೊಬ್ಬರೂ ಒಂದೊಂದು ಪೆಟ್ಟು ಹಾಕಬೇಕು. ಎಲ್ಲರೂ ಮುಟ್ಟಿದ ಮೇಲೆ ಯಾರೊಬ್ಬರನ್ನೂ ಬೆರಳು ಮಾಡಿ ತೋರಿಸುವಂತಿಲ್ಲ ಅನ್ನೋ ಉಪಾಯ ಅದು.

ಸತ್ತ ದನವನ್ನು ರೈತ ತಾನೇ ಸುಲಿಯುವಂತಿಲ್ಲ. ಅದು ಸುಲಿಯುವವನ ಹಕ್ಕು, ಅದೇ ಅವನ ಬಲೆಯೂ ಹೌದು. ಯಾರಾದರೂ ತಾವೇ ಹೂತರೆ ಅಥವಾ ಸುಲಿದರೆ ಆತ ತನ್ನ ಕತ್ತಿಯನ್ನು ತಂದು ಅವರ ಬಾಗಿಲಿಗೆ ಚುಚ್ಚುತ್ತಿದ್ದ. ಚುಚ್ಚಿದ ಕತ್ತಿಯನ್ನು ಮನೆಯವರು ಕಿತ್ತುಹಾಕುವಂತಿಲ್ಲ, ಮುಟ್ಟಿದರೆ ಮಾನ ಹೋಯಿತು. ದಂಡ ಕೊಟ್ಟು ಅವನಿಂದಲೇ ತೆಗೆಸಬೇಕು. ಯಾವ ಮೈಲಿಗೆಯನ್ನು ಊರು ಅವನ ಮೈಗೆ ಮೆತ್ತಿತೋ ಅದನ್ನೇ ಆತ ಆಯುಧ ಮಾಡಿಕೊಂಡದ್ದು ಇಲ್ಲಿ ಕಾಣುತ್ತದೆ.

ಮದುವೆ-ಮುಂಜಿ ಎಲ್ಲ ಒಳಒಳಗೇ. ವಧಕಾರನ ಮಗಳು ಇನ್ನೊಂದು ಊರಿನ ವಧಕಾರನ ಮಗನಿಗೆ, ಸುಲಿಯುವವನ ಮಗ ಸುಲಿಯುವ ಕಸುಬಿಗೆ. ಹೀಗೆ ತಲೆಮಾರುಗಳುದ್ದಕ್ಕೂ ನಡೆದ ಮನೆತನಗಳಿವೆ. ಔಗ್ಸ್‌ಬರ್ಗ್ ಪಟ್ಟಣದ ಕಡತಗಳನ್ನು ಇಟ್ಟುಕೊಂಡು ಇತಿಹಾಸಕಾರ್ತಿ ಕ್ಯಾಥಿ ಸ್ಟುವರ್ಟ್ 1999ರಲ್ಲಿ ಬರೆದ ಪುಸ್ತಕ ಒಂದು ಮುಖ್ಯ ಸಂಗತಿಯನ್ನು ತೋರಿಸುತ್ತದೆ. ಈ ಮಡಿಯನ್ನು ಅತಿ ಬಿಗಿಯಾಗಿ ಕಾಯುತ್ತಿದ್ದವರು ದೊರೆಗಳೋ ಪಂಡಿತರೋ ಅಲ್ಲ. ಕಮ್ಮಾರ, ಬಡಗಿ, ಚಮ್ಮಾರರ ಕಸುಬಿನ ಸಂಘಗಳು. ಮಾನ ಒಂದೇ ಅವರ ಬಂಡವಾಳ. ಅದಕ್ಕೆ ಕಲೆ ಹತ್ತೀತೆಂಬ ಭಯ ಅವರಿಗೇ ಹೆಚ್ಚು. ಹಳ್ಳಿಗಳಲ್ಲಿ ದಲಿತರ ಮೇಲೆ ಕೈಮಾಡುವವರು ಯಾರು ಎಂಬ ನಮ್ಮ ಚರ್ಚೆಯಲ್ಲಿ ಈ ಮಾತನ್ನು ಇಟ್ಟು ನೋಡಬೇಕು.

3

ಹಗಲು ಇವನ ನೆರಳಿಗೂ ಹೆದರುವ ಜನ ಕತ್ತಲಾದ ಮೇಲೆ ಇವನ ಬಾಗಿಲಿಗೇ ಬರುತ್ತಿದ್ದರು. ಮುರಿದ ಮೂಳೆ ಕೂಡಿಸಲು, ಜಾರಿದ ಕೀಲು ಸರಿಪಡಿಸಲು, ವಾಸಿಯಾಗದ ಗಾಯಕ್ಕೆ, ದನದ ರೋಗಕ್ಕೆ, ಮಾಟ ತೆಗೆಸಲು.

ಇದರಲ್ಲಿ ಅರ್ಧ ಅನುಭವದ ವಿದ್ಯೆ. ಚಿತ್ರಹಿಂಸೆ ಕೊಟ್ಟ ಕೈದಿಯನ್ನು ಮತ್ತೆ ವಿಚಾರಣೆಗೆ ನಿಲ್ಲುವಂತೆ ಗುಣಪಡಿಸುವುದೂ ವಧಕಾರನ ಕೆಲಸವೇ. ಹೀಗಾಗಿ ಕೀಲು ಎಲ್ಲಿದೆ, ಹೇಗೆ ಜಾರುತ್ತದೆ, ಹೇಗೆ ಕೂರುತ್ತದೆ ಅಂತ ಪುಸ್ತಕ ಓದಿದ ವೈದ್ಯರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಚರ್ಮ ಸುಲಿಯುವವನಿಗೆ ದನದ ಒಳಗು ಗೊತ್ತು. ನಮ್ಮ ಕೇರಿಯಲ್ಲಿಯೂ ಸತ್ತ ದನ ಹೊರುತ್ತಿದ್ದ ಹಿರಿಯರೊಬ್ಬರು ಮೂಳೆ ಕಟ್ಟುತ್ತಿದ್ದರು. ಊರಿನ ಗೌಡರ ಎತ್ತಿಗೂ ಅವರೇ, ಗೌಡರ ಮಕ್ಕಳ ಕೈಕಾಲಿಗೂ ಅವರೇ. ಅವರ ಕೈ ಒಳಗೆ ಬರಬಹುದಿತ್ತು, ಕಾಲು ಮಾತ್ರ ಹಿತ್ತಲು ದಾಟುವಂತಿರಲಿಲ್ಲ.

ಇನ್ನರ್ಧ ಸಾವಿನ ಹತ್ತಿರ ಇದ್ದವನಿಗೆ ಶಕ್ತಿ ಇರುತ್ತದೆ ಎಂಬ ನಂಬಿಕೆ. ಗಲ್ಲಿಗೇರಿದವನ ಹಗ್ಗದ ಚೂರು ಅದೃಷ್ಟ ತರುತ್ತದೆ. ತಲೆ ಹೋದವನ ಬಿಸಿರಕ್ತ ಕುಡಿದರೆ ಮೂರ್ಛೆರೋಗ ಹೋಗುತ್ತದೆ ಎಂಬ ನಂಬಿಕೆ 19ನೇ ಶತಮಾನದವರೆಗೂ ಉಳಿದಿತ್ತು. ಮನುಷ್ಯರ ಕೊಬ್ಬನ್ನು ಕೀಲುನೋವಿನ ಮುಲಾಮಾಗಿ ವಧಕಾರರೂ ಮಾರುತ್ತಿದ್ದರು, ಲೈಸೆನ್ಸು ಪಡೆದ ಔಷಧದ ಅಂಗಡಿಯವರೂ ಮಾರುತ್ತಿದ್ದರು. ಈ ಕಡೆಯ ಮಾತನ್ನು ಒತ್ತಿ ಹೇಳಬೇಕು. ಒಂದೇ ಪದಾರ್ಥ ಪಂಡಿತರ ಅಂಗಡಿಯಲ್ಲಿದ್ದರೆ ವೈದ್ಯ, ಸುಲಿಯುವವನ ಮನೆಯಲ್ಲಿದ್ದರೆ ಮಾಟ! 1611ರಲ್ಲಿ ಪಾಸೌ ಪಟ್ಟಣದ ವಧಕಾರ ಮಂತ್ರ ಬರೆದ ಚೀಟಿಗಳನ್ನು ಸೈನಿಕರಿಗೆ ಮಾರಿದ, ಅದನ್ನು ನುಂಗಿದವರಿಗೆ ಗುಂಡು ತಾಕುವುದಿಲ್ಲ ಅಂತ ಹಬ್ಬಿತು ಎಂಬ ಪ್ರತೀತಿ ಇದೆ. ಗುಂಡಿಗೆ ಮೈ ಗಟ್ಟಿ ಮಾಡಿಕೊಳ್ಳುವ ವಿದ್ಯೆಗೆ ಆಮೇಲೆ 'ಪಾಸೌ ವಿದ್ಯೆ' ಅಂತಲೇ ಹೆಸರು ಬಿತ್ತು.

ಎಲ್ಲ ಮಂತ್ರಗಾರಿಕೆಯೂ ಇವರದೇ ಎಂದು ನಾನು ಹೇಳುತ್ತಿಲ್ಲ. ಕುರುಬರು, ಸೂಲಗಿತ್ತಿಯರು, ಹಳ್ಳಿಯ ಮುದುಕಿಯರು, ಪಾದ್ರಿಗಳು ಎಲ್ಲರೂ ಇದ್ದರು. ಉತ್ತರ ಜರ್ಮನಿಯಲ್ಲಿ ಇದಕ್ಕೆ 'ಬೆಸ್‌ಪ್ರೆಖೆನ್' ಅನ್ನುತ್ತಾರೆ, ರೋಗದ ಮೇಲೆ ಮಾತು ಹಾಕುವುದು ಅಂತ. ನೈರುತ್ಯದ ಸೀಮೆಗಳಲ್ಲಿ 'ಬ್ರೌಖೆನ್' ಎಂಬ ಮಾತಿದೆ. ಅಲ್ಲಿಂದ ವಲಸೆ ಹೋದ ರೈತರು ಅದನ್ನು ಅಮೆರಿಕದ ಪೆನ್ಸಿಲ್ವೇನಿಯಾಕ್ಕೂ ಒಯ್ದರು. ಯೋಹಾನ್ ಗೇಯಾರ್ಗ್ ಹೋಮನ್ ಎಂಬಾತ ಇಂಥ ಮದ್ದು-ಮಂತ್ರಗಳ ಜರ್ಮನ್ ಪುಸ್ತಕವೊಂದನ್ನು ಅಲ್ಲಿ 1820ರಲ್ಲಿ ಅಚ್ಚು ಹಾಕಿಸಿದ. ನಿಯಮಗಳು ನಮಗೆ ಪರಿಚಿತವಾದವೇ: ಹಣ ಕೇಳಬಾರದು, ಮಂತ್ರವನ್ನು ಗಂಡಸು ಹೆಂಗಸಿಗೆ, ಹೆಂಗಸು ಗಂಡಸಿಗೆ ಹೇಳಿಕೊಡಬೇಕು, ವಾಸಿಯಾದವರು ಉಪಕಾರವಾಯಿತು ಅನ್ನಬಾರದು. ಇವತ್ತಿಗೂ ಉತ್ತರ ಜರ್ಮನಿಯಲ್ಲಿ ಜನ ಮಾತು ಹಾಕಿಸಿಕೊಳ್ಳಲು ಹೋಗುವ ಮುಖ್ಯ ಕಾಯಿಲೆಗಳಲ್ಲಿ ಒಂದು ನಾವು ಸರ್ಪಸುತ್ತು ಅನ್ನೋದು.

4

ಇವರಲ್ಲಿ ಒಬ್ಬನ ದನಿ ಮಾತ್ರ ನಮಗೆ ಸ್ವಲ್ಪ ನೇರವಾಗಿ ಕೇಳಿಸುತ್ತದೆ. ನ್ಯೂರೆಂಬರ್ಗ್ ಪಟ್ಟಣದಲ್ಲಿ 1578ರಿಂದ ಸುಮಾರು 40 ವರ್ಷ ವಧಕಾರನಾಗಿದ್ದ ಫ್ರಾನ್ಸ್ ಶ್ಮಿಟ್. ತಾನು ಕೊಂದವರ, ಶಿಕ್ಷಿಸಿದವರ ಲೆಕ್ಕವನ್ನು ಆತ ಒಂದು ದಿನಚರಿಯಲ್ಲಿ ಬರೆದಿಟ್ಟ. ಆತನ ಕೈಯಿಂದ ಸತ್ತವರು 350ಕ್ಕೂ ಹೆಚ್ಚು. ಇತಿಹಾಸಕಾರ ಜೋಯೆಲ್ ಹ್ಯಾರಿಂಗ್ಟನ್ 2013ರ ತಮ್ಮ ಪುಸ್ತಕದಲ್ಲಿ ಈತನ ಬದುಕನ್ನು ಬಿಡಿಸಿ ಹೇಳಿದ್ದಾರೆ.

ಈ ಮನೆತನ ಮೊದಲಿನಿಂದ ವಧಕಾರರದಲ್ಲ. ಫ್ರಾನ್ಸನ ತಂದೆ ಹೋಫ್ ಎಂಬ ಊರಿನವನು, ಮರ ಕಡಿಯುವುದು, ಹಕ್ಕಿ ಹಿಡಿಯುವುದು ಅವನ ಕೆಲಸ. 1553ರಲ್ಲಿ ಆ ಸೀಮೆಯ ದೊರೆ ಮೂವರನ್ನು ಗಲ್ಲಿಗೇರಿಸಬೇಕೆಂದಾಗ ಊರಿನಲ್ಲಿ ವಧಕಾರ ಇರಲಿಲ್ಲ. ನೆರೆದ ಜನರಲ್ಲಿ ನಿಂತಿದ್ದ ಇವನನ್ನು ಕರೆದು, ಮಾಡದಿದ್ದರೆ ನಿನ್ನನ್ನೇ ನೇತುಹಾಕುತ್ತೇನೆಂದು ಹೆದರಿಸಿ ಮಾಡಿಸಿದ. ಒಂದು ದಿನದ ಆ ಕೆಲಸದಿಂದ ಇಡೀ ಮನೆತನಕ್ಕೆ ಕಳಂಕ ಅಂಟಿತು. ಆಮೇಲೆ ಅವನಿಗೆ ಬೇರೆ ಕಸುಬೇ ಉಳಿಯಲಿಲ್ಲ. ಮಗನಿಗೂ ಅದೇ ಆಯಿತು.

ಕೆಲಸ ಬಿಟ್ಟ ಮೇಲೆ 1624ರಲ್ಲಿ ಶ್ಮಿಟ್ ಚಕ್ರವರ್ತಿ ಎರಡನೇ ಫರ್ಡಿನಾಂಡನಿಗೆ ಒಂದು ಅರ್ಜಿ ಬರೆದ. ನನ್ನ ಮನೆತನದ ಮಾನವನ್ನು ಮರಳಿ ಕೊಡಿ ಎಂಬುದು ಅರ್ಜಿ. ಅದರಲ್ಲಿ ಅವನು ಮುಂದಿಟ್ಟದ್ದು ತನ್ನ ವೈದ್ಯದ ಲೆಕ್ಕ: 15,000ಕ್ಕೂ ಹೆಚ್ಚು ಜನರನ್ನು ಗುಣಪಡಿಸಿದ್ದೇನೆ. ಕೊಂದದ್ದು ಸರ್ಕಾರದ ಆಜ್ಞೆ. ಗುಣಪಡಿಸಿದ್ದು ನನ್ನ ಸ್ವಂತದ್ದು ಅನ್ನೋದು ಆ ಅರ್ಜಿಯ ಒಳಮಾತು. ಚಕ್ರವರ್ತಿ ಒಪ್ಪಿದ. 1634ರಲ್ಲಿ ಅವನು ಮರ್ಯಾದಸ್ಥನಾಗಿ ಸತ್ತ.

ಈ ಕತೆಯನ್ನು ಒಬ್ಬ ಮನುಷ್ಯನ ಗೆಲುವಾಗಿ ಓದಿ ಸಮಾಧಾನಪಟ್ಟುಕೊಳ್ಳುವವರು ಇರಬಹುದು. ನನಗೆ ಕಾಣುವುದು ಬೇರೆ. ಮುಟ್ಟುವುದಕ್ಕೆ ಆ ಕೈ ಆಗದು ಅನ್ನುತ್ತಲೇ ಅದರಿಂದ ಮುಟ್ಟಿಸಿಕೊಂಡವರು 15,000 ಜನ. ಅವರಲ್ಲಿ ಯಾರೂ ಅವನಿಗೆ ಮಾನ ಕೊಡಿ ಅಂತ ಅರ್ಜಿ ಹಾಕಲಿಲ್ಲ. ಅವನೇ ಬರೆಯಬೇಕಾಯಿತು, ಅದೂ ಮುದಿಪ್ರಾಯದಲ್ಲಿ.

ಕಾನೂನು ಬಂದದ್ದು ನಿಧಾನವಾಗಿ. 1548ರ ಸಾಮ್ರಾಜ್ಯದ ಕಟ್ಟಳೆ ನಾರುಬಟ್ಟೆ ನೇಯುವವರು, ಕ್ಷೌರಿಕರು, ಕುರುಬರು, ಗಿರಣಿಯವರ ಮಕ್ಕಳನ್ನು ಕಸುಬಿನ ಸಂಘಗಳಿಗೆ ಸೇರಿಸಿಕೊಳ್ಳಬೇಕು ಅಂದಿತು. ಸಂಘಗಳು ಕಿವಿಗೊಡಲಿಲ್ಲ. 1731ರ ಕಟ್ಟಳೆ ಉಳಿದ ಬಹುತೇಕ ಕಸುಬುಗಳ ಕಳಂಕವನ್ನು ತೆಗೆದುಹಾಕಿತು, ಚರ್ಮ ಸುಲಿಯುವವರನ್ನು ಮಾತ್ರ ಹೊರಗೇ ಇಟ್ಟಿತು. ಅವರ ಮಕ್ಕಳಿಗೂ ಬಾಗಿಲು ತೆರೆಯಬೇಕೆಂಬ ಮಾತು ಬರಲು 1772 ಆಗಬೇಕಾಯಿತು. ಕಟ್ಟಕಡೆಗೆ ಉಳಿದವನು ಸತ್ತ ದನ ಎಳೆಯುವವನು. ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

5

ಈ ಎಲ್ಲ ನಡೆದು ಕೆಲವೇ ದಶಕಗಳಲ್ಲಿ ಗ್ರಿಮ್ ಸೋದರರು ಬಂದರು. ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ತಮ್ಮ ಕತೆಗಳ ಮೊದಲ ಸಂಪುಟ ತಂದದ್ದು 1812ರಲ್ಲಿ, ಎರಡನೆಯದು 1815ರಲ್ಲಿ. ಜರ್ಮನ್ 'ಫೋಲ್ಕ್', ಅಂದರೆ ಜನ, ಒಂದು. ಅದರ ಆತ್ಮ ಒಂದು. ಕತೆಗಳಲ್ಲಿ ಅದು ಮಾತಾಡುತ್ತದೆ ಎಂಬ ಭಾವನೆ ಆ ಕಾಲದ್ದು. ಆದರೆ ಕತೆ ಹೇಳಿದವರು ಯಾರು? ಹೆಚ್ಚಿನವರು ಓದುಬಲ್ಲ ಮನೆತನಗಳ ಹುಡುಗಿಯರು: ಔಷಧದ ಅಂಗಡಿಯ ವಿಲ್ಡ್ ಮನೆತನ, ಅಧಿಕಾರಿಗಳ ಹಾಸೆನ್‌ಪ್ಫ್ಲುಗ್ ಮನೆತನ, ಜಮೀನುದಾರ ಹಾಕ್ಸ್‌ಟ್‌ಹೌಸೆನ್ ಮನೆತನ. ಹಳ್ಳಿಯ ರೈತಹೆಂಗಸೆಂದು ಚಿತ್ರ ಬರೆಸಿ ಪುಸ್ತಕದ ಮೊದಲಲ್ಲಿ ಹಾಕಿದ ಡೊರೊಥೆಯಾ ಫೀಮನ್ ಒಬ್ಬ ದರ್ಜಿಯ ಹೆಂಡತಿ, ಹೆದ್ದಾರಿಯ ಹೋಟೆಲಿನವನ ಮಗಳು. 'ಮುದಿ ಮರಿ' ಅನ್ನೋ ಮನೆಗೆಲಸದಾಕೆ ಅನೇಕ ಕತೆ ಹೇಳಿದಳೆಂದು ವಿಲ್ಹೆಲ್ಮನ ಮಗ ಹರ್ಮನ್ ಗ್ರಿಮ್ ಬರೆದಿದ್ದ. ಆ ಮರಿ ಕೆಲಸದಾಕೆ ಅಲ್ಲ, ಹಾಸೆನ್‌ಪ್ಫ್ಲುಗ್ ಮನೆತನದ ಇಪ್ಪತ್ತರ ಆಸುಪಾಸಿನ ಹುಡುಗಿ ಎಂದು 1975ರಲ್ಲಿ ಹೈನ್ಸ್ ರೋಲೆಕೆ ತೋರಿಸಿದರು. ಸುಮಾರು ಎಂಬತ್ತು ವರ್ಷ ಇಲ್ಲದ ಕೆಲಸದಾಕೆಯೊಬ್ಬಳು ಜರ್ಮನ್ ಜನರ ಅಜ್ಜಿಯಾಗಿ ಬಾಳಿದಳು! ನಿಜವಾಗಿಯೂ ಬಡವನಾಗಿದ್ದ ಒಬ್ಬ ಹೇಳುಗನಿದ್ದ: ಕ್ರೌಸೆ ಎಂಬ ನಿವೃತ್ತ ಕುದುರೆ ಸಿಪಾಯಿ. ಆತ ಕತೆ ಹೇಳಿ ಬದಲಿಗೆ ಹಳೇ ಷರಾಯಿ ಪಡೆಯುತ್ತಿದ್ದ.

ಮಂತ್ರಗಳ ವಿಷಯದಲ್ಲಿ ಇನ್ನೂ ಸ್ಪಷ್ಟ. ಮೆರ್ಸೆಬರ್ಗ್ ಪಟ್ಟಣದ ಚರ್ಚಿನ ಗ್ರಂಥಾಲಯದಲ್ಲಿ ಹತ್ತನೇ ಶತಮಾನದ ಎರಡು ಮಂತ್ರಗಳು 1841ರಲ್ಲಿ ಸಿಕ್ಕವು. ಎರಡನೆಯದು ಉಳುಕಿದ ಕುದುರೆ ಕಾಲನ್ನು ಸರಿಪಡಿಸುವ ಮಂತ್ರ. ಮರುವರ್ಷ ಅದನ್ನು ಪ್ರಕಟಿಸಿದ ಯಾಕೋಬ್ ಗ್ರಿಮ್‌ಗೆ ಅದರಲ್ಲಿ ಕಂಡದ್ದು ವೋಡಾನ್ ಮುಂತಾದ ಹಳೆಯ ದೇವರುಗಳು. ಅದೇ ಹೊತ್ತಿಗೆ ಹಳ್ಳಿಹಳ್ಳಿಯಲ್ಲಿ ಸುಲಿಯುವವರು, ಕುರುಬರು ಕುದುರೆಗಳ ಕಾಲು ಕಟ್ಟುತ್ತಲೇ ಇದ್ದರು. ಶಾಸ್ತ್ರಕ್ಕೆ ದೇವರು ಸಿಕ್ಕ, ಮೂಳೆ ಕೂಡಿಸುವವನು ಸಿಗಲಿಲ್ಲ.

ಎಲ್ಲ ಸಂಗ್ರಾಹಕರನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಸೀಮೆಗಳಿಗೆ ಇಳಿದ ಹಾಗೆ ಬೇರೆ ಬಗೆಯವರೂ ಸಿಗುತ್ತಾರೆ. ಬವೇರಿಯಾದ ಓಬರ್‌ಪ್ಫಾಲ್ಸ್ ಸೀಮೆಯ ಷೋನ್‌ವರ್ತ್ 1857ರಿಂದ 1859ರ ನಡುವೆ ಮೂರು ಸಂಪುಟ ತಂದರು. ಆಳುಕಾಳು, ನೇಕಾರರು, ತನ್ನ ಹೆಂಡತಿಯ ಊರಿನವರು ಹೇಳಿದ್ದನ್ನು ಆದಷ್ಟು ಹೇಳಿದ ಹಾಗೇ ಬರೆದುಕೊಂಡವರು ಅವರು. ಉತ್ತರದ ಮೆಕ್ಲೆನ್‌ಬರ್ಗ್ ಸೀಮೆಯ ರಿಚರ್ಡ್ ವೊಸಿಡ್ಲೊ (1859–1939) ಇನ್ನೂ ಮುಖ್ಯ. ಅದು ದೊಡ್ಡ ಜಮೀನುದಾರರ ನಾಡು. ಜೀತ ಅಲ್ಲಿ ರದ್ದಾದದ್ದು 1820ರಲ್ಲಿ. ಶಾಲಾ ಮೇಷ್ಟ್ರಾಗಿದ್ದ ವೊಸಿಡ್ಲೊ ಕೂಲಿಯವರ, ಕುರುಬರ, ಮನೆಗೆಲಸದವರ ಬಾಯಿಂದ ಬಂದದ್ದನ್ನು ಅವರದೇ ಕೆಳನಾಡು ಜರ್ಮನ್ನಿನಲ್ಲಿ ಚೀಟಿಗಳ ಮೇಲೆ ಬರೆದರು. ಯಾರು, ಯಾವ ಊರು ಎಂಬುದನ್ನೂ ಗುರುತು ಹಾಕಿಕೊಂಡರು. ಲಕ್ಷಾಂತರ ಚೀಟಿಗಳ ಆ ಭಂಡಾರ ಇವತ್ತು ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿದೆ.

ಆ ಚೀಟಿಗಳಲ್ಲಿ ದೆವ್ವ ಆದವರು ಯಾರು ಗೊತ್ತೆ? ಜೀತದಾಳುಗಳನ್ನು ಹೊಡೆದ ಜಮೀನುದಾರ, ಅಳತೆಯಲ್ಲಿ ಮೋಸ ಮಾಡಿದ ಕಾರಭಾರಿ. ಸತ್ತ ಮೇಲೂ ನೆಮ್ಮದಿಯಿಲ್ಲದೆ ರಾತ್ರಿ ಕುದುರೆ ಏರಿ ಹೊಲ ಸುತ್ತುತ್ತಾರೆ. ಕೋರ್ಟು ಕೊಡದ ನ್ಯಾಯವನ್ನು ಕೂಲಿಯವರು ಕತೆಯಲ್ಲಿ ಕೊಟ್ಟುಕೊಂಡರು. ಇವನ್ನೆಲ್ಲ ಆಯ್ದು ಗಿಸೆಲಾ ಷ್ನೈಡೆವಿಂಡ್ 1960ರಲ್ಲಿ 'ಒಡೆಯ ಮತ್ತು ಆಳು' ಎಂಬ ಅರ್ಥದ ಹೆಸರಿನ ಸಂಕಲನ ತಂದರು. ಆಗಿನ ಪೂರ್ವ ಜರ್ಮನಿಯಲ್ಲಿ ವೋಲ್ಫ್‌ಗಾಂಗ್ ಸ್ಟೈನಿಟ್ಸ್ ಜನರ ಪ್ರತಿಭಟನೆಯ ಹಾಡುಗಳ ಎರಡು ಸಂಪುಟಗಳನ್ನು 1954 ಮತ್ತು 1962ರಲ್ಲಿ ತಂದಿದ್ದರು. ಸರ್ಕಾರದ ಸಿದ್ಧಾಂತದ ನೆರಳು ಆ ಪುಸ್ತಕಗಳ ಮೇಲಿದೆ, ನಿಜ. ಆದರೂ ಪ್ರಶ್ನೆ ಬದಲಾದರೆ ಅದೇ ಭಂಡಾರದಿಂದ ಬೇರೆ ಉತ್ತರ ಬರುತ್ತದೆ ಅಂತ ಅವು ತೋರಿಸಿಕೊಟ್ಟವು.

6

ಪ್ರಶ್ನೆ ಬದಲಾಗದೆ ಉಳಿದ ಕಡೆ ಏನಾಯಿತು? 1930ರಿಂದ 1935ರ ನಡುವೆ ಜರ್ಮನ್ ಜಾನಪದದ ನಕಾಶೆ ತಯಾರಿಸಲು ಸುಮಾರು 20,000 ಊರುಗಳಿಗೆ ಪ್ರಶ್ನಾವಳಿ ಹೋಯಿತು. ಉತ್ತರ ಬರೆದವರು ಹೆಚ್ಚಾಗಿ ಮೇಷ್ಟ್ರುಗಳು. ಊರು ಏನು ನಂಬುತ್ತದೆ ಎಂಬುದನ್ನು ಊರಿನ ಶಾಲೆ ಹೇಳಿತು. 1927ರಿಂದ 1942ರವರೆಗೆ ಹತ್ತು ಸಂಪುಟಗಳಲ್ಲಿ ಬಂದ ಮೂಢನಂಬಿಕೆಗಳ ನಿಘಂಟು ಇವತ್ತಿಗೂ ಈ ವಿಷಯದ ವಿದ್ಯಾರ್ಥಿಗೆ ಅನಿವಾರ್ಯ. ಅದರಲ್ಲಿ ವಧಕಾರನ ಬಗ್ಗೆ, ಸುಲಿಯುವವನ ಬಗ್ಗೆ ಬೇಕಾದಷ್ಟು ಇದೆ. ಆದರೆ ಅವರು ಅಲ್ಲಿ ನಂಬಿಕೆಯ ವಸ್ತುಗಳು, ಗೂಬೆ, ಕಪ್ಪೆ, ಕುದುರೆ ಲಾಳದ ಹಾಗೆ. ನಂಬಿದ, ತಿಳಿದ, ಯೋಚಿಸಿದ ಮನುಷ್ಯರಾಗಿ ಇಲ್ಲ.

'ಫೋಲ್ಕ್' ಒಂದು ಅನ್ನುವ ಮಾತು ನಾಜಿಗಳ ಕೈಗೆ ಸಿಕ್ಕಾಗ ಅದರ ಇನ್ನೊಂದು ಮುಖ ಹೊರಬಂತು. ಜನ ಒಂದೇ ಅಂದ ಮೇಲೆ ಅದರೊಳಗೆ ಸೇರದವರು ಯಾರು ಎಂಬ ಪಟ್ಟಿಯೂ ಬೇಕಲ್ಲ? ಹಿಮ್ಲರ್ 1935ರಲ್ಲಿ ಮಾಟಗಾತಿಯರ ಹಳೆಯ ವಿಚಾರಣೆಗಳ ಕಡತ ಹುಡುಕಲು ಒಂದು ತಂಡವನ್ನೇ ನೇಮಿಸಿದ. 30,000ಕ್ಕೂ ಹೆಚ್ಚು ಚೀಟಿ ಸೇರಿಸಿದರು. ಜರ್ಮನ್ ಸೀಮೆಗಳಲ್ಲಿ ಮಾಟದ ಆರೋಪದ ಮೇಲೆ ಕೊಲೆಯಾದವರು ಸುಮಾರು 25,000 ಎಂದು ಇತಿಹಾಸಕಾರರ ಅಂದಾಜು, ಹೆಚ್ಚಿನವರು ಹೆಂಗಸರು. ಹಿಮ್ಲರ್‌ಗೆ ಬೇಕಾಗಿದ್ದದ್ದು ಆ ಹೆಂಗಸರ ನೋವಲ್ಲ. ಚರ್ಚು ಹಳೆಯ ಜರ್ಮನ್ ಧರ್ಮವನ್ನು ಸುಟ್ಟಿತು ಎಂಬ ಪುರಾವೆ.

ಇನ್ನೊಂದು ಕಡೆ, ಶತಮಾನಗಳಿಂದ ಮದ್ದು-ಮಂತ್ರ ಬಲ್ಲವರೆಂದು ಜನ ಹೆದರುತ್ತಲೂ ಹುಡುಕುತ್ತಲೂ ಇದ್ದ ಸಿಂತಿ ಮತ್ತು ರೋಮಾ ಜನರ ಮೇಲೆ 'ಸಂಶೋಧನೆ' ಶುರುವಾಯಿತು. ರಾಬರ್ಟ್ ರಿಟರ್‌ನ ತಂಡದ ಎಫಾ ಯುಸ್ಟಿನ್ ರೊಮಾನಿ ಭಾಷೆ ಕಲಿತಿದ್ದಳು, ಡೇರೆಗಳಿಗೆ ಹೋಗಿ ಕೂತು ಕುಲಗೋತ್ರ ಕೇಳಿ ಬರೆದುಕೊಳ್ಳುತ್ತಿದ್ದಳು. ಮುಲ್‌ಫಿಂಗೆನ್ ಊರಿನ ಅನಾಥಾಲಯದ ಸಿಂತಿ ಮಕ್ಕಳನ್ನು ಇಟ್ಟುಕೊಂಡು ಪಿಎಚ್.ಡಿ. ಪ್ರಬಂಧ ಬರೆದಳು. ಆಕೆಯ ಕೆಲಸ ಮುಗಿದ ಮೇಲೆ, 1944ರ ಮೇ ತಿಂಗಳಲ್ಲಿ, ಆ 39 ಮಕ್ಕಳನ್ನು ಔಷ್‌ವಿಟ್ಸ್‌ಗೆ ಸಾಗಿಸಿದರು. ಬದುಕಿ ಬಂದವರು ನಾಲ್ವರು. ಯುದ್ಧ ಮುಗಿದ ಮೇಲೆ ಆಕೆಗೆ ಸರ್ಕಾರಿ ನೌಕರಿಯೂ ಸಿಕ್ಕಿತು. ಜನರ ಭಾಷೆ ಕಲಿಯುವುದು, ನೆಲದ ಮೇಲೆ ಕೂರುವುದು, ವಿಶ್ವಾಸ ಗಳಿಸುವುದು ಇವೆಲ್ಲ ಕ್ಷೇತ್ರಕಾರ್ಯದ ಪಾಠಗಳೇ. ಯಾರಿಗಾಗಿ ಎಂಬ ಪ್ರಶ್ನೆ ಇಲ್ಲದಿದ್ದರೆ ಆ ಪಾಠಗಳೆಲ್ಲ ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಯುದ್ಧದ ನಂತರ ವಿದ್ವಾಂಸರಲ್ಲಿ ಕೆಲವರಾದರೂ ಈ ಪ್ರಶ್ನೆಗೆ ಮುಖ ಕೊಟ್ಟರು. ಟ್ಯೂಬಿಂಗೆನ್‌ನ ಹರ್ಮನ್ ಬೌಸಿಂಗರ್ ಮತ್ತು ಅವರ ಜೊತೆಯವರು 1970ರಲ್ಲಿ 'ಜನಜೀವನ' ಎಂಬ ಹಳೆಯ ಕಲ್ಪನೆಗೇ ವಿದಾಯ ಹೇಳುವ ಪುಸ್ತಕ ತಂದರು; ಮರುವರ್ಷ ತಮ್ಮ ವಿಭಾಗದ ಹೆಸರಿನಿಂದ ಆ 'ಫೋಲ್ಕ್' ಪದವನ್ನೇ ತೆಗೆದುಹಾಕಿದರು. ಅದೇ ಕಾಲಕ್ಕೆ ಹಳ್ಳಿಗಳಲ್ಲಿ ನಂಬಿಕೆ ಇನ್ನೂ ಜನರನ್ನು ಕಾಡುತ್ತಲೇ ಇತ್ತು. ಹ್ಯಾಂಬರ್ಗ್ ಕಡೆಯ ಮೇಷ್ಟ್ರು ಯೋಹಾನ್ ಕ್ರೂಸೆ, ಅಕ್ಕಪಕ್ಕದ ಮುದುಕಿಯರನ್ನು ಮಾಟಗಾತಿ ಎಂದು ತೋರಿಸಿಕೊಡುವ ಮಂತ್ರವಾದಿಗಳ ವಿರುದ್ಧ ಬದುಕಿಡೀ ಹೋರಾಡಿದರು. 1951ರಲ್ಲಿ ಪುಸ್ತಕ ಬರೆದರು. ಮೋಸೆಯ ಹೆಸರಿನ ಮಂತ್ರದ ಪುಸ್ತಕವೊಂದನ್ನು ಮಾರುತ್ತಿದ್ದ ಪ್ರಕಾಶಕರ ಮೇಲೆ 1956ರಲ್ಲಿ ಬ್ರೌನ್‌ಶ್ವೈಗ್ ಕೋರ್ಟಿನಲ್ಲಿ ಮೊಕದ್ದಮೆ ನಡೆದಾಗ ಕ್ರೂಸೆ ಒಂದು ಕಡೆ. ಇನ್ನೊಂದು ಕಡೆ, ಪುಸ್ತಕದ ಪರವಾಗಿ, ಹೆಸರಾಂತ ಜಾನಪದ ವಿದ್ವಾಂಸ ವಿಲ್-ಎರಿಕ್ ಪೊಯ್ಕರ್ಟ್. ಪೊಯ್ಕರ್ಟ್‌ಗೆ ಅದು ಪರಂಪರೆ, ಕ್ರೂಸೆಗೆ ಅದು ಬೀದಿಗೆ ಬಿದ್ದ ಹೆಂಗಸರ ಬದುಕು.

ಈ ಜಗಳ ನಮ್ಮದೂ ಹೌದು. ಕರ್ನಾಟಕದಲ್ಲಿ 2017ರಲ್ಲಿ ಬಂದು 2020ರಲ್ಲಿ ಜಾರಿಯಾದ ಮೌಢ್ಯಾಚರಣೆ ವಿರೋಧಿ ಕಾನೂನಿನ ಸುತ್ತ ನಡೆದ ಚರ್ಚೆಯಲ್ಲಿ 'ಇದು ನಮ್ಮ ಪರಂಪರೆ' ಅಂದವರು ಒಂದು ಕಡೆ, 'ಎಲ್ಲ ಮೌಢ್ಯ' ಅಂದವರು ಒಂದು ಕಡೆ. ಮೂಳೆ ಕಟ್ಟುವ ಕೇರಿಯ ಹಿರಿಯರನ್ನು ಎರಡೂ ಕಡೆಯವರು ಕೇಳಲಿಲ್ಲ.

7

ಹೋಲಿಕೆಯ ಮಿತಿಯನ್ನು ಹೇಳಿಬಿಡಬೇಕು. ಜರ್ಮನ್ ಪಟ್ಟಣದ ಮಾನವಿಲ್ಲದವರು ಜನಸಂಖ್ಯೆಯಲ್ಲಿ ತೀರ ಕಡಿಮೆ. ಅವರ ಹಿಂದೆ ಒಂದು ಧರ್ಮಶಾಸ್ತ್ರ ಇರಲಿಲ್ಲ. ಚರ್ಚು ಬೇರೆ ಕೂರಿಸಿತೇ ಹೊರತು ಅವರ ಆತ್ಮ ಮೈಲಿಗೆ ಅನ್ನಲಿಲ್ಲ. ಚಕ್ರವರ್ತಿಯ ಒಂದು ಕಾಗದದಿಂದ ಕಳಂಕ ಹೋಗಬಹುದಿತ್ತು. ಹದಿನೆಂಟನೇ ಶತಮಾನದಲ್ಲಿ ವಧಕಾರರ ಮಕ್ಕಳು ವಿಶ್ವವಿದ್ಯಾಲಯಕ್ಕೆ ಹೋಗಿ ವೈದ್ಯರಾದದ್ದೂ ಉಂಟು. ಕಸುಬಿನ ಸಂಘಗಳು ಮುರಿದ ಮೇಲೆ ಮಾನದ ಬೇಲಿಯೂ ಮುರಿಯಿತು. ಇಲ್ಲಿ ಸಂವಿಧಾನ ಬಂದು 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದರೂ ಬೇಲಿ ನಿಂತೇ ಇದೆ, ಯಾಕೆಂದರೆ ಅದರ ಬೇರು ಕಸುಬಿನಲ್ಲಿ ಮಾತ್ರ ಇಲ್ಲ, ಹುಟ್ಟಿನಲ್ಲಿ, ಮದುವೆಯಲ್ಲಿ, ಶಾಸ್ತ್ರದಲ್ಲಿ ಇದೆ. ಬಾಬಾಸಾಹೇಬರು ಐರ್ಲೆಂಡನ್ನು ಹೋಲಿಸಿ ತಲುಪಿದ ಜಾಗಕ್ಕೇ ಜರ್ಮನಿಯ ದಾರಿಯೂ ಬಂದು ಸೇರುತ್ತದೆ.

ಹಾಗಾದರೆ ಈ ಓದಿನಿಂದ ನಮಗೆ ಸಿಗುವುದೇನು? ಜಾನಪದದ ಸಂಶೋಧನೆಗೆ ಇಳಿಯುವ ನಮ್ಮ ಹುಡುಗ-ಹುಡುಗಿಯರಿಗೆ ಒಂದು ಬಗೆಯ ಕೇಳ್ವಿಕ್ರಮ ಸಿಗುತ್ತದೆ ಎಂದುಕೊಂಡಿದ್ದೇನೆ. ಒಂದು ಮಂತ್ರವೋ ಕತೆಯೋ ಕೈಗೆ ಬಂದಾಗ ಅದರ ಅರ್ಥಕ್ಕಿಂತ ಮೊದಲು ಅದು ಯಾವ ಕೈಯಿಂದ ಬಂತು ಅಂತ ಕೇಳಬೇಕು. ಹೇಳಿದವರ ಹೆಸರು, ಜಾತಿ, ಕೂಲಿ ಬರೆದಿದೆಯೇ? ಬರೆದವರು ಯಾರು, ಎಲ್ಲಿ ಕೂತು ಬರೆದರು, ಹೇಳಿದವರಿಗೆ ಏನು ಕೊಟ್ಟರು? ಹಳೇ ಷರಾಯಿಯೋ, ನೂರು ರೂಪಾಯಿ ಸಂಭಾವನೆಯೋ? ಕೋರ್ಟಿನ ಕಡತವಾದರೆ ಆ ಮಾತು ಹೊಡೆತಕ್ಕೆ ಬಂದದ್ದೇ, ಮನಸಾರೆ ಬಂದದ್ದೇ? ಅದೇ ಮದ್ದು ಮೇಲಿನ ಮನೆಯಲ್ಲಿ ಆಯುರ್ವೇದ, ಕೆಳಗಿನ ಮನೆಯಲ್ಲಿ ಮೌಢ್ಯ ಅನ್ನಿಸಿಕೊಂಡಿದೆಯೇ? ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಮಾಡಿದ ಕೆಲಸ ನಮ್ಮಲ್ಲಿ ಇಂಥ ಓದಿಗೆ ನೆಲ ಹದ ಮಾಡಿದೆ. ಅದನ್ನು ಮದ್ದಿಗೆ, ಮೂಳೆ ಕಟ್ಟುವುದಕ್ಕೆ, ದನದ ವೈದ್ಯಕ್ಕೆ, ಸೂಲಗಿತ್ತಿತನಕ್ಕೆ ವಿಸ್ತರಿಸುವ ಕೆಲಸ ಬಾಕಿ ಇದೆ.

ಕೇರಿಯ ತಿಳಿವಳಿಕೆಯನ್ನು 'ಜಾನಪದ' ಅಂತ ಹೊಗಳಿ ಗಾಜಿನ ಪೆಟ್ಟಿಗೆಯಲ್ಲಿ ಇಡುವುದೂ, 'ಮೂಢನಂಬಿಕೆ' ಅಂತ ಗುಡಿಸಿ ಹಾಕುವುದೂ ಒಂದೇ ಕೆಲಸದ ಎರಡು ಬಗೆ. ಎರಡರಲ್ಲೂ ಮನುಷ್ಯ ಕಾಣೆಯಾಗುತ್ತಾನೆ. ಅದರಲ್ಲಿ ವಿದ್ಯೆ ಎಷ್ಟು, ಭಯ ಎಷ್ಟು, ಮೋಸ ಎಷ್ಟು ಎಂದು ತೂಗಿ ನೋಡುವ ಹಕ್ಕು ಮೊದಲು ಅದನ್ನು ಮೈಮೇಲೆ ಹೊತ್ತವರದು. ಆ ತೂಕವನ್ನು ಅವರ ಮಕ್ಕಳಾದ ನಾವು ಈಗ ಓದು ಬರಹ ಬಲ್ಲವರಾಗಿ ಮಾಡದಿದ್ದರೆ, ಇನ್ನೊಬ್ಬರು ನಮ್ಮ ಪರವಾಗಿ ಒಬ್ಬ 'ಮುದಿ ಮರಿ'ಯನ್ನು ಕಟ್ಟಿ ನಿಲ್ಲಿಸುತ್ತಾರೆ.